ಕೆತ್ತಿದ ಗಿಟಾರ್: ಕೊಳ್ಳುವ ಮುನ್ನ, ತಂತಿ ಕಟ್ಟುವ ಮುನ್ನ

ವಯೊಲಿನ್ ವಾದ್ಯದ ಮೇಲ್ಹಲಗೆಯನ್ನು ಹತ್ತಿರದಿಂದ ಗಮನಿಸಿದ್ದೀರಾ? ಅದು ಚಪ್ಪಟೆಯಾಗಿಲ್ಲ. ನಡುವೆ ಉಬ್ಬಿ ಅಂಚಿನತ್ತ ಇಳಿಯುತ್ತದೆ. ಆ ಉಬ್ಬು ಹಲಗೆಯನ್ನು ಬಗ್ಗಿಸಿ ತಂದದ್ದಲ್ಲ. ದಪ್ಪ ಮರದ ತುಂಡನ್ನು ಹೊರಗೂ ಒಳಗೂ ಕೆತ್ತಿ ಪಡೆದದ್ದು. ಇದೇ ವಿಧಾನದಲ್ಲಿ ತಯಾರಾಗುವ ಗಿಟಾರ್ ಒಂದಿದೆ. ಅದಕ್ಕೆ ಆರ್ಚ್‌ಟಾಪ್ ಗಿಟಾರ್ ಎಂದು ಹೆಸರು. ಕಮಾನಿನಂತಹ ಮೇಲ್ಹಲಗೆ, ಎರಡೂ ಬದಿಗೆ ವಯೊಲಿನ್‌ನಲ್ಲಿರುವಂತಹ ಎಫ್ ಆಕಾರದ ರಂಧ್ರಗಳು, ಅಂಟು ಹಾಕದೆ ಹಲಗೆಯ ಮೇಲೆ ಸುಮ್ಮನೆ ಕುಳಿತ ಕುದುರೆ, ತಂತಿಗಳ ತುದಿಯನ್ನು ಹಿಡಿದಿಡಲು ಬುಡದಲ್ಲಿ ಲೋಹದ ಟೇಲ್‌ಪೀಸ್ - ಇವು ಅದರ ಗುರುತು.

ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಆರ್ವಿಲ್ ಗಿಬ್ಸನ್ ಎಂಬಾತ ಕೆತ್ತಿದ ಹಲಗೆಯ ಮ್ಯಾಂಡೊಲಿನ್‌ಗೆ 1898ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನಲ್ಲಿ 1902ರಲ್ಲಿ ಸ್ಥಾಪನೆಯಾದ ಕಂಪನಿಯು 1922ರಲ್ಲಿ ಎಲ್-5 ಎಂಬ ಗಿಟಾರನ್ನು ಹೊರತಂದಿತು. ಎಫ್ ರಂಧ್ರಗಳನ್ನು ಗಿಟಾರ್‌ಗೆ ತಂದ ಈ ಮಾದರಿಯ ಹಿಂದೆ ಲಾಯ್ಡ್ ಲೋರ್ ಎಂಬ ಕುಶಲಿಯ ಕೈ ಇತ್ತು. ಅಂದಿನ ಜಾಜ್ ವಾದ್ಯವೃಂದಗಳಲ್ಲಿ ಕಹಳೆ, ಸ್ಯಾಕ್ಸೊಫೋನ್, ಡ್ರಮ್‌ಗಳ ಅಬ್ಬರದ ನಡುವೆ ಸಾಮಾನ್ಯ ಗಿಟಾರ್‌ನ ದನಿ ಮುಳುಗಿಹೋಗುತ್ತಿತ್ತು. ವಿದ್ಯುತ್ ವರ್ಧಕಗಳು ಬರುವ ಮೊದಲು ಮರ ಮತ್ತು ತಂತಿಯಿಂದಲೇ ದೊಡ್ಡ ದನಿ ಹೊರಡಿಸಬೇಕಿತ್ತು. ಕೌಂಟ್ ಬೇಸಿಯ ವೃಂದದಲ್ಲಿ 1937ರಿಂದ ದಶಕಗಳ ಕಾಲ ನುಡಿಸಿದ ಫ್ರೆಡ್ಡಿ ಗ್ರೀನ್ ಕೊನೆಯವರೆಗೂ ಇಂತಹ ಗಿಟಾರನ್ನೇ ನೆಚ್ಚಿದ್ದ.

ನಮ್ಮ ದೇಶಕ್ಕೂ ಈ ವಾದ್ಯಕ್ಕೂ ನಂಟಿದೆ. ಹಿಂದೂಸ್ತಾನಿ ಸಂಗೀತದಲ್ಲಿ ಗಿಟಾರ್‌ಗೆ ಸ್ಥಾನ ತಂದುಕೊಟ್ಟ ಬ್ರಿಜಭೂಷಣ ಕಾಬ್ರಾ ನುಡಿಸಿದ್ದು ಆರ್ಚ್‌ಟಾಪ್ ಗಿಟಾರ್. ವಿಶ್ವಮೋಹನ ಭಟ್ಟರು ರೂಪಿಸಿದ ಮೋಹನ ವೀಣೆಯ ದೇಹವೂ ಮೂಲತಃ ಆರ್ಚ್‌ಟಾಪ್ ಗಿಟಾರೇ. ಅದಕ್ಕೆ ಚಿಕಾರಿ ಮತ್ತು ತರಬ್ ತಂತಿಗಳನ್ನು ಸೇರಿಸಲಾಗಿದೆ. ಆರರ ಬದಲು ಇಪ್ಪತ್ತರಷ್ಟು ತಂತಿಗಳ ಎಳೆತವನ್ನು ತಾಳಿಕೊಳ್ಳಲು ಚಪ್ಪಟೆ ಹಲಗೆಗಿಂತ ಕಮಾನಿನ ಹಲಗೆ ಏಕೆ ಮೇಲು ಎಂಬುದನ್ನು ಮುಂದೆ ನೋಡೋಣ.

ಒಳ್ಳೆಯ ಕುಶಲಕರ್ಮಿ ಒಬ್ಬನೇ ಕುಳಿತು ಕೆತ್ತಿದ ಆರ್ಚ್‌ಟಾಪ್‌ನ ಬೆಲೆ ಸಾಮಾನ್ಯರ ಕೈಗೆಟುಕುವುದಿಲ್ಲ. ಆದರೆ ಕಳೆದ ಎರಡು-ಮೂರು ದಶಕಗಳಲ್ಲಿ ಚೀನಾದ ಕಾರ್ಯಾಗಾರಗಳಿಂದ ಕಡಿಮೆ ಬೆಲೆಯ ಕೆತ್ತಿದ ಗಿಟಾರ್‌ಗಳು ಬಂದಿವೆ. ಹಣ ಹೊಂದಿಸಿ ಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಕೆತ್ತಿದ್ದೆಂದು ನಂಬಿ ಪ್ಲೈವುಡ್ ಕೊಳ್ಳುವುದು ಒಂದು. ಒಳ್ಳೆಯದನ್ನೇ ಕೊಂಡು ಅದಕ್ಕೆ ಒಗ್ಗದ ತಂತಿ ಕಟ್ಟಿ ದನಿಯನ್ನೋ ಹಲಗೆಯನ್ನೋ ಕೆಡಿಸುವುದು ಇನ್ನೊಂದು.

ಕಮಾನು ಮಾಡುವ ಕೆಲಸ

ಸಾಮಾನ್ಯ ಚಪ್ಪಟೆ ಗಿಟಾರ್‌ನಲ್ಲಿ ತಂತಿಗಳ ತುದಿ ಕುದುರೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಕುದುರೆಯನ್ನು ಹಲಗೆಗೆ ಅಂಟಿಸಿರುತ್ತಾರೆ. ತಂತಿಗಳು ಕುದುರೆಯನ್ನು ಮುಂದಕ್ಕೆ ಎಳೆದು ತಿರುಚಲು ನೋಡುತ್ತವೆ. ಆರ್ಚ್‌ಟಾಪ್‌ನಲ್ಲಿ ಹಾಗಲ್ಲ. ತಂತಿಯ ಎಳೆತವನ್ನು ಟೇಲ್‌ಪೀಸ್ ಹೊರುತ್ತದೆ. ತಂತಿಯು ಕುದುರೆಯ ಮೇಲೆ ಹಾಯುವಾಗ ತುಸು ಬಾಗುವುದರಿಂದ ಕುದುರೆಯ ಮೇಲೆ ಕೆಳಮುಖವಾದ ಒತ್ತಡ ಮಾತ್ರ ಬೀಳುತ್ತದೆ. ಸೇತುವೆಯ ಕಲ್ಲಿನ ಕಮಾನು ತನ್ನ ಮೇಲಿನ ಭಾರವನ್ನು ಎರಡೂ ಬದಿಗೆ ಒತ್ತಡವಾಗಿ ಸಾಗಿಸುವಂತೆ ಹಲಗೆಯ ಉಬ್ಬು ಈ ಭಾರವನ್ನು ಅಂಚಿಗೆ ಸಾಗಿಸುತ್ತದೆ. ಅದಕ್ಕೆ ಬೆಂಬಲವಾಗಿ ಒಳಗಡೆ ಎರಡು ಉದ್ದನೆಯ ಪಟ್ಟಿಗಳಿರುತ್ತವೆ.

ಈ ಭಾರ ಎಷ್ಟು? ಒಂದು ಸರಳ ಲೆಕ್ಕ ಮಾಡೋಣ. ತಂತಿಯ ಎಳೆತವನ್ನು ಕಂಡುಹಿಡಿಯಲು ಅದರ ಕಂಪಿಸುವ ಉದ್ದವನ್ನು ಇಮ್ಮಡಿಸಿ, ಆವೃತ್ತಿಯಿಂದ ಗುಣಿಸಿ, ಬಂದದ್ದನ್ನು ವರ್ಗ ಮಾಡಿ, ಒಂದು ಮೀಟರ್ ತಂತಿಯ ದ್ರವ್ಯರಾಶಿಯಿಂದ ಗುಣಿಸಬೇಕು. ಕಂಪಿಸುವ ಉದ್ದ 24.75 ಅಂಗುಲ, ಅಂದರೆ ಸುಮಾರು 629 ಮಿಲಿಮೀಟರ್ ಇರಲಿ. ಅತಿ ತೆಳುವಾದ ಮೊದಲ ತಂತಿಯ ವ್ಯಾಸ 0.012 ಅಂಗುಲ, ಆವೃತ್ತಿ ಸೆಕೆಂಡಿಗೆ ಸುಮಾರು 330. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕಿಲೋಗ್ರಾಂ ಎಂದು ಹಿಡಿದರೆ ಎಳೆತ ಸುಮಾರು 98 ನ್ಯೂಟನ್, ಅಂದರೆ 10 ಕಿಲೋಗ್ರಾಂ ತೂಕದಷ್ಟು ಬರುತ್ತದೆ. ಕೂದಲಿಗಿಂತ ಕೆಲವೇ ಪಟ್ಟು ದಪ್ಪನೆಯ ತಂತಿಗೆ ಇದು ಸಣ್ಣ ಭಾರವಲ್ಲ! ಆರೂ ತಂತಿಗಳು ಸೇರಿದರೆ ಸುಮಾರು 70 ಕಿಲೋಗ್ರಾಂ. ತಂತಿಗಳು ಕುದುರೆಯ ಮೇಲೆ ಒಟ್ಟು 14 ಡಿಗ್ರಿಯಷ್ಟು ಬಾಗುತ್ತವೆ ಎಂದುಕೊಂಡರೆ ಹಲಗೆಯ ಮೇಲೆ ಹಗಲಿರುಳೂ 17 ಕಿಲೋಗ್ರಾಂ ಭಾರ ಕುಳಿತಿರುತ್ತದೆ. ಅದನ್ನು ಹೊರುವ ಹಲಗೆಯ ದಪ್ಪ ನಡುವೆ ಸುಮಾರು 6 ಮಿಲಿಮೀಟರ್, ಅಂಚಿನ ಬಳಿ 3-4 ಮಿಲಿಮೀಟರ್ ಅಷ್ಟೇ.

ಹಾಗಾದರೆ ಇನ್ನೂ ದಪ್ಪ ಬಿಡಬಾರದೇ? ಬಿಟ್ಟರೆ ಗಟ್ಟಿಯಾದೀತು, ಆದರೆ ನುಡಿಯದು. ಹಲಗೆಯ ಬಾಗುವಿಕೆಯ ಬಿರುಸು ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪವನ್ನು ಶೇಕಡಾ 10ರಷ್ಟು ಇಳಿಸಿದರೆ ಬಿರುಸು ಶೇಕಡಾ 27ರಷ್ಟು ಇಳಿಯುತ್ತದೆ. ಆದ್ದರಿಂದಲೇ ಕೆತ್ತುವವನು ಕೊನೆಯ ಅರ್ಧ ಮಿಲಿಮೀಟರನ್ನು ಹಲಗೆಯನ್ನು ತಟ್ಟಿ ಕೇಳುತ್ತ, ಕೈಯಲ್ಲಿ ಬಾಗಿಸಿ ನೋಡುತ್ತ ಎಚ್ಚರದಿಂದ ತೆಗೆಯುತ್ತಾನೆ. ಒಂದೇ ಮರದ ಎರಡು ತುಂಡುಗಳೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಎಲ್ಲಕ್ಕೂ ಒಂದೇ ಅಳತೆ ಸಲ್ಲದು. ಅಗ್ಗದ ವಾದ್ಯಗಳಲ್ಲಿ ಇಷ್ಟು ವ್ಯವಧಾನಕ್ಕೆ ಎಡೆಯಿಲ್ಲ. ಹಲಗೆ ಕುಸಿದು ವಾಪಸು ಬರದಿರಲೆಂದು ತುಸು ದಪ್ಪವಾಗಿಯೇ ಬಿಡುವುದುಂಟು. ಇದು ತಂತಿಯ ಆಯ್ಕೆಗೂ ಸಂಬಂಧಿಸಿದ ವಿಷಯ.

ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಶೀತಪ್ರದೇಶದ ಸೂಚಿಪರ್ಣಿ ಮರ. ಹಗುರವಾಗಿದ್ದೂ ಎಳೆಯುದ್ದಕ್ಕೆ ಬಹಳ ಬಿರುಸು. ಎಳೆಗೆ ಅಡ್ಡಲಾಗಿ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಿಂಬದಿ, ಪಕ್ಕದ ಹಲಗೆಗಳಿಗೆ ಮೇಪಲ್. ಬೆರಳಿಡುವ ಪಟ್ಟಿಗೂ ಕುದುರೆಗೂ ಕರಿಮರ ಇಲ್ಲವೇ ಬೀಟೆ ಮರ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಗೆ ಪ್ರಪಂಚದ ಗಿಟಾರ್ ತಯಾರಕರಲ್ಲಿ ಬೇಡಿಕೆ ಇದೆ. 2017ರಲ್ಲಿ ಆ ಕುಲದ ಎಲ್ಲ ಮರಗಳನ್ನೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದಾಗ ವಾದ್ಯಗಳ ಸಾಗಾಟಕ್ಕೆ ತೊಡಕಾಗಿತ್ತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು.

ಕೆತ್ತಿದ್ದೋ, ಒತ್ತಿದ್ದೋ?

ಉಬ್ಬಿದ ಹಲಗೆ ಕಂಡಮಾತ್ರಕ್ಕೆ ಅದು ಕೆತ್ತಿದ್ದೆಂದು ತಿಳಿಯಬಾರದು. ಉಬ್ಬನ್ನು ಮೂರು ವಿಧದಲ್ಲಿ ತರಬಹುದು. ದಪ್ಪ ತುಂಡನ್ನು ಕೆತ್ತುವುದು ಮೊದಲನೆಯದು. ತೆಳುವಾದ ಒಂಟಿ ಹಲಗೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಬಾಗಿಸುವುದು ಎರಡನೆಯದು. ಮರದ ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತುವುದು, ಅಂದರೆ ಪ್ಲೈವುಡ್ ವಿಧಾನ, ಮೂರನೆಯದು.

ಪ್ಲೈವುಡ್ ಎಂದರೆ ಮೋಸವೆಂದೇನೂ ಅಲ್ಲ. ಗಿಬ್ಸನ್ ಕಂಪನಿ 1949ರಲ್ಲಿ ಹೊರತಂದ ಇಎಸ್-175 ಪ್ಲೈವುಡ್‌ನದೇ, ಮತ್ತು ಅದು ಜಾಜ್ ವಾದಕರ ಅಚ್ಚುಮೆಚ್ಚಿನ ವಾದ್ಯ. ಪಿಕಪ್ ಮತ್ತು ಧ್ವನಿವರ್ಧಕದೊಂದಿಗೆ ನುಡಿಸುವಾಗ ಹಲಗೆ ಹೆಚ್ಚು ಸಲೀಸಾಗಿ ಕಂಪಿಸಿದರೆ ವರ್ಧಕದ ದನಿಯೇ ಹಲಗೆಯನ್ನು ಮತ್ತೆ ಕಂಪಿಸಿ ಗುಂಯ್‌ಗುಡುವ ಕೂಗು ಏಳುತ್ತದೆ. ಪ್ಲೈವುಡ್‌ಗೆ ಆ ಕಾಟ ಕಡಿಮೆ. ಕೆನಡಾದ ಗೊಡಿನ್ ಕಂಪನಿಯ ಫಿಫ್ತ್ ಅವೆನ್ಯೂ ಮಾದರಿ ಚೆರ್ರಿ ಮರದ ಪದರಗಳಿಂದ ಆದದ್ದೆಂದು ಕಂಪನಿಯೇ ಹೇಳುತ್ತದೆ. ಸದಾ ವರ್ಧಕಕ್ಕೆ ಜೋಡಿಸಿಯೇ ನುಡಿಸುವವರು ಕೆತ್ತನೆಗಾಗಿ ಹೆಚ್ಚಿನ ಹಣ ಸುರಿಯುವುದರಲ್ಲಿ ಅರ್ಥವಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಮನೆಯಲ್ಲಿ, ಚಿಕ್ಕ ಸಭೆಯಲ್ಲಿ, ಮರದ ದನಿಯನ್ನೇ ಕೇಳಬಯಸುವವರಿಗೆ ಮಾತ್ರ ಕೆತ್ತಿದ ಹಲಗೆ ಬೇಕು.

ಪರೀಕ್ಷೆ ಹೇಗೆ? ಎಫ್ ರಂಧ್ರದ ಕತ್ತರಿಸಿದ ಅಂಚನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಮೇಲ್ಮೈಯಲ್ಲಿ ಕಾಣುವ ಮರದ ಗೆರೆ ಅಂಚಿನ ದಪ್ಪದ ಮೂಲಕ ನೇರವಾಗಿ ಕೆಳಗಿಳಿದರೆ ಅದು ಒಂಟಿ ಹಲಗೆ. ಅಂಚಿನಲ್ಲಿ ಅಡ್ಡಪದರಗಳು ಕಂಡರೆ ಪ್ಲೈವುಡ್. ಅಂಚಿಗೆ ಕಪ್ಪು ಬಣ್ಣವನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಹಚ್ಚಿದ್ದರೆ ಈ ಪರೀಕ್ಷೆ ನಡೆಯದು. ಆಗ ದಂತವೈದ್ಯರು ಬಳಸುವಂತಹ ಪುಟ್ಟ ಕನ್ನಡಿ ಮತ್ತು ಸಣ್ಣ ಬಲ್ಬನ್ನು ಒಳಗಿಳಿಸಿ ನೋಡಬೇಕು. ಹಿಂಬದಿ ಹಲಗೆಯ ಹೊರಗೆ ಗಂಟೋ ವಿಶೇಷ ಗೆರೆಯೋ ಇದ್ದರೆ ಒಳಗೂ ಅದೇ ಜಾಗದಲ್ಲಿ ಅದರ ಜೋಡಿ ಕಾಣಬೇಕು. ಒಂಟಿ ಹಲಗೆಯಾಗಿದ್ದೂ ದಪ್ಪ ಎಲ್ಲೆಡೆ ಒಂದೇ ಸಮನಾಗಿದ್ದರೆ ಅದು ಒತ್ತಿದ್ದಿರಬಹುದು. ಕೆತ್ತಿದ್ದರಲ್ಲಿ ನಡುವಿನಿಂದ ಅಂಚಿಗೆ ದಪ್ಪ ಬದಲಾಗುತ್ತದೆ.

ಜಾಹೀರಾತಿನ "ಕೈಕೆತ್ತನೆ" ಎಂಬ ಮಾತಿಗೆ ಮರುಳಾಗಬೇಕಿಲ್ಲ. ಇಂದು ಒರಟು ಕೆತ್ತನೆಯನ್ನು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ಮಾಡಿಸುವವರು ಬಹಳ ಮಂದಿ. ಅದರಿಂದ ದನಿಗೆ ಕುಂದಿಲ್ಲ. ಕೊನೆಯ ಹಂತದ ಹದ ಯಾರು ನೋಡಿದರು ಎಂಬುದು ಮುಖ್ಯ. ಇನ್ನೊಂದು ಮಾತು: ಕೆಲವು ಮಾದರಿಗಳಲ್ಲಿ ಮೇಲ್ಹಲಗೆ ಮಾತ್ರ ಕೆತ್ತಿದ್ದು, ಹಿಂಬದಿ ಪ್ಲೈವುಡ್. ಹಣ ಸಾಲದಿದ್ದರೆ ಇದು ಒಪ್ಪತಕ್ಕ ರಾಜಿ. ದನಿಯ ಬಹುಪಾಲು ಹೊರಡುವುದು ಮೇಲ್ಹಲಗೆಯಿಂದ.

ಹೊಸ ವಾದ್ಯಗಳ ಪೈಕಿ ಎರಡು ಹೆಸರು ಹೇಳಬಹುದು. 1992ರಲ್ಲಿ ಪಿಟೀಲು ತಯಾರಿಕೆಯಿಂದ ಆರಂಭವಾದ ಈಸ್ಟ್‌ಮನ್ ಕಂಪನಿ ಚೀನಾದಲ್ಲಿ ಕೆತ್ತಿದ ಗಿಟಾರ್‌ಗಳನ್ನೂ ಮಾಡಿಸುತ್ತದೆ. ಪಿಟೀಲು ಕೆತ್ತಿದ ಕೈಗೆ ಈ ಕೆಲಸ ಹೊಸದಲ್ಲವಷ್ಟೆ. ಇನ್ನೊಂದು "ದಿ ಲೋರ್" ಎಂಬ ಹೆಸರಿನ ವಾದ್ಯಗಳು. ಇದರ ಎಲ್‌ಎಚ್-600 ಮಾದರಿ ಹಳೆಯ ಎಲ್-5ರ ಜಾಡಿನಲ್ಲಿದೆ: 16 ಅಂಗುಲ ಅಗಲದ ದೇಹ, ಕೆತ್ತಿದ ಸ್ಪ್ರೂಸ್ ಮತ್ತು ಮೇಪಲ್, 24.75 ಅಂಗುಲದ ಉದ್ದಳತೆ, ವಿ ಆಕಾರದ ಕತ್ತು. ಇದು ಸಾವಿರ ಡಾಲರ್ ಆಸುಪಾಸಿನ ಬೆಲೆಯಲ್ಲಿ ಮಾರುಕಟ್ಟೆಗೆ ಬಂದದ್ದು. ವಿದೇಶದಿಂದ ತರಿಸುವವರು ಸಾಗಣೆ ವೆಚ್ಚ, ಸುಂಕ, ತೆರಿಗೆ ಕೂಡಿಸಿದ ಮೇಲೆಯೇ ಬೆಲೆ ಅಗ್ಗವೋ ದುಬಾರಿಯೋ ಎಂದು ನಿರ್ಧರಿಸಲಿ. ವಿ ಆಕಾರದ ಕತ್ತು ಎಲ್ಲರ ಅಂಗೈಗೂ ಒಗ್ಗುವುದಿಲ್ಲ. ಸಾಧ್ಯವಾದರೆ ಹಿಡಿದು ನೋಡಿಯೇ ಕೊಳ್ಳಬೇಕು. ಅಮೆರಿಕ, ಯೂರೋಪ್‌ಗಳಲ್ಲಿ ನೆಲೆಸಿರುವ ಓದುಗರಿಗೆ ಗಿಬ್ಸನ್ ಎಲ್-50ರಂತಹ ಹಳೆಯ ಕೆಳದರ್ಜೆಯ ಮಾದರಿಗಳೂ ಸಿಗುತ್ತವೆ. ಕೆಳದರ್ಜೆ ಎಂದರೆ ಅಲಂಕಾರ ಕಡಿಮೆ ಎಂದರ್ಥ, ಮರ ಕಳಪೆ ಎಂದಲ್ಲ.

ಹಳೆಯದನ್ನು ಕೊಳ್ಳುವಾಗ ಬದಿಯಿಂದ ನೋಡಿ, ಕುದುರೆಯ ಕೆಳಗೆ ಉಬ್ಬು ಕುಸಿದಿದೆಯೇ ಎಂದು ಗಮನಿಸಿ. ಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಮೆಲ್ಲನೆ ತಟ್ಟಿ. ಝರ್ ಎಂಬ ಸದ್ದು ಬಂದರೆ ಒಳಗಿನ ಪಟ್ಟಿ ಬಿಟ್ಟಿರಬಹುದು. ಎಫ್ ರಂಧ್ರದ ತುದಿಗಳಿಂದ ಬಿರುಕು ಹೊರಡುವುದು ಸಾಮಾನ್ಯ. ಕುದುರೆಯ ಎತ್ತರ ಹೊಂದಿಸುವ ತಿರುಗಣೆಗಳು ಪೂರ್ತಿ ಕೆಳಗಿಳಿದಿದ್ದೂ ತಂತಿ ಬೆರಳುಪಟ್ಟಿಯಿಂದ ಬಹಳ ಮೇಲಿದ್ದರೆ ಕತ್ತಿನ ಕೋನ ಕೆಟ್ಟಿದೆ. ಅದನ್ನು ಸರಿಪಡಿಸುವ ಖರ್ಚು ವಾದ್ಯದ ಬೆಲೆಯನ್ನೇ ಮೀರೀತು, ಅಂಥದ್ದನ್ನು ಬಿಟ್ಟುಬಿಡುವುದೇ ಲೇಸು. ಕತ್ತಿನ ಅಲ್ಪಸ್ವಲ್ಪ ಬಾಗನ್ನು ಅದರೊಳಗಿನ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು. ಇನ್ನು ಕುದುರೆಯ ಪಾದ. ಅದು ಹಲಗೆಯ ಉಬ್ಬಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಅಗ್ಗದ ವಾದ್ಯಗಳಲ್ಲಿ ಕೂರುವುದಿಲ್ಲ. ಹಲಗೆಯ ಮೇಲೆ ಮರಳುಕಾಗದವನ್ನು ಮುಖ ಮೇಲಾಗಿ ಇಟ್ಟು ಪಾದವನ್ನು ಅದರ ಮೇಲೆ ತಿಕ್ಕಿ ಹೊಂದಿಸಿದರೆ ದನಿಯಲ್ಲಾಗುವ ಸುಧಾರಣೆ ಆ ಕೆಲಸದ ಶ್ರಮಕ್ಕೆ ಹೋಲಿಸಿದರೆ ಬಹಳ ಹೆಚ್ಚು.

ತಂತಿಯ ದಪ್ಪ

ತಂತಿಯ ಎಳೆತ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮೊದಲ ತಂತಿ 0.012ರ ಬದಲು 0.013 ಆದರೆ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು. ಎಳೆತ ಮಾತ್ರ ಶೇಕಡಾ 17ರಷ್ಟು ಏರುತ್ತದೆ. 0.011 ಆದರೆ ಶೇಕಡಾ 16ರಷ್ಟು ಇಳಿಯುತ್ತದೆ. ಇಡೀ ಜೋಡಿಯನ್ನು ಲೆಕ್ಕ ಹಾಕಿದರೆ 11ರ ಜೋಡಿಯ ಎಳೆತ ಸುಮಾರು 60ರಿಂದ 65 ಕಿಲೋಗ್ರಾಂ, 12ರದು 70, 13ರದು 80ರ ಹತ್ತಿರ.

ದಪ್ಪ ತಂತಿಗೆ ದ್ರವ್ಯರಾಶಿ ಹೆಚ್ಚು. ಅಷ್ಟೇ ಅಗಲಕ್ಕೆ ಕಂಪಿಸಿದಾಗ ಅದರಲ್ಲಿ ಹೆಚ್ಚು ಶಕ್ತಿ ಇರುತ್ತದೆ, ಬಿರುಸಾದ ಹಲಗೆಯನ್ನು ಅದು ಅಲ್ಲಾಡಿಸಬಲ್ಲುದು. ತುಸು ದಪ್ಪವಾಗಿ ಬಿಟ್ಟ ಹಲಗೆಗೆ 10ರ ಜೋಡಿ ಕಟ್ಟಿದರೆ ತಂತಿ ಕಿರುಗುಟ್ಟುತ್ತದೆ, ಮರ ಸುಮ್ಮನಿರುತ್ತದೆ. ಕೆತ್ತಿದ ಗಿಟಾರ್ ಕೊಂಡು ದನಿ ಇಲ್ಲವೆಂದು ದೂರುವವರ ತಂತಿ ಯಾವುದೆಂದು ಮೊದಲು ಕೇಳಬೇಕು. ಹೊಸ, ದೃಢವಾದ ವಾದ್ಯಕ್ಕೆ 12ರಿಂದ ಆರಂಭಿಸಿ, ಬೆರಳು ಪಳಗಿದ ಮೇಲೆ ಬೇಕೆನಿಸಿದರೆ 13ಕ್ಕೆ ಹೋಗಬಹುದು. ಹಳೆಯ, ತೆಳುವಾದ, ಒಮ್ಮೆ ಬಿರುಕುಬಿಟ್ಟು ರಿಪೇರಿಯಾದ ವಾದ್ಯಕ್ಕೆ 11 ಸಾಕು. ಫ್ರೆಡ್ಡಿ ಗ್ರೀನ್ ದಪ್ಪ ತಂತಿಗಳನ್ನು ಎತ್ತರದಲ್ಲಿ ಕಟ್ಟಿಕೊಂಡಿದ್ದನೆಂದು ಎಲ್ಲರೂ ಹಾಗೆ ಕಟ್ಟಿದರೆ ಬೆರಳೂ ಉಳಿಯದು, ಹಲಗೆಯೂ ಉಳಿಯದು.

ಹಿಂದೂಸ್ತಾನಿ ಶೈಲಿಯಲ್ಲಿ ಉಕ್ಕಿನ ದುಂಡನ್ನು ಜಾರಿಸಿ ನುಡಿಸಲು ಕುದುರೆಯನ್ನು ಎತ್ತರಿಸುವವರು ಇನ್ನೊಂದನ್ನು ನೆನಪಿಡಬೇಕು. ಕುದುರೆ ಎತ್ತರವಾದಂತೆ ತಂತಿ ಬಾಗುವ ಕೋನ ಹೆಚ್ಚುತ್ತದೆ, ತಂತಿ ಬದಲಾಗದಿದ್ದರೂ ಹಲಗೆಯ ಮೇಲಿನ ಭಾರ ಏರುತ್ತದೆ. ಅದರ ಮೇಲೆ ತರಬ್ ತಂತಿಗಳನ್ನೂ ಕಟ್ಟಿದರೆ ಸಾಮಾನ್ಯ ಗಿಟಾರ್ ತಾಳದು. ಅದಕ್ಕೆಂದೇ ಬಲಪಡಿಸಿದ ದೇಹ ಬೇಕು.

ಕಡಿಮೆ ಸ್ವರದ ತಂತಿಗಳಿಗೆ ಸುತ್ತು ಏಕೆ ಹಾಕುತ್ತಾರೆ? ಆರನೇ ತಂತಿ ಮೊದಲನೆಯದಕ್ಕಿಂತ ಎರಡು ಸ್ಥಾಯಿ ಕೆಳಗೆ. ಆವೃತ್ತಿ ನಾಲ್ಕನೇ ಒಂದು ಭಾಗ. ಅದೇ ಎಳೆತ ಇರಬೇಕಾದರೆ ದ್ರವ್ಯರಾಶಿ 16 ಪಟ್ಟು, ವ್ಯಾಸ 4 ಪಟ್ಟು ಆಗಬೇಕು. ಬರಿಯ ಉಕ್ಕಿನಲ್ಲಿ ಹಾಗೆ ಮಾಡಿದರೆ ಬಿರುಸು ವ್ಯಾಸದ ನಾಲ್ಕನೇ ಘಾತದಂತೆ ಏರಿ 256 ಪಟ್ಟಾಗುತ್ತದೆ! ಅದು ತಂತಿಯಲ್ಲ, ಸರಳು. ಅದರ ಮೇಲ್ಸ್ವರಗಳು ಮೂಲಸ್ವರದ ಸರಿಯಾದ ಗುಣಕಗಳಾಗಿ ಬರದೆ ಅಪಸ್ವರವಾಗುತ್ತದೆ. ತೆಳು ಉಕ್ಕಿನ ಮೇಲೆ ಬೇರೆ ಲೋಹದ ಎಳೆ ಸುತ್ತಿದರೆ ತೂಕ ಹೆಚ್ಚುತ್ತದೆ, ಬಿರುಸು ಅಷ್ಟಾಗಿ ಹೆಚ್ಚದು. ಮೂರನೇ ತಂತಿಯ ಪ್ರಶ್ನೆ ಬರುವುದು ಇಲ್ಲೇ. ಎಲೆಕ್ಟ್ರಿಕ್ ಗಿಟಾರ್‌ನ ತೆಳು ಜೋಡಿಗಳಲ್ಲಿ ಅದು ಬರಿಯ ಉಕ್ಕು. ಆರ್ಚ್‌ಟಾಪ್‌ಗೆ ಸುತ್ತು ಹಾಕಿದ ಮೂರನೇ ತಂತಿಯಿರುವ ಜೋಡಿಯನ್ನೇ ಕೇಳಿ ಪಡೆಯಬೇಕು. ಮರದ ಕುದುರೆಯ ಮೇಲಿನ ಮೆಟ್ಟಿಲಿನಂತಹ ಕೆತ್ತನೆ ಬಹುಮಟ್ಟಿಗೆ ಅದಕ್ಕೆ ಹೊಂದುವಂತೆಯೇ ಇರುತ್ತದೆ. ಬರಿಯ ತಂತಿ ಕಟ್ಟಿದರೆ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಏರಿ ಕೇಳುತ್ತದೆ.

ಯಾವ ಲೋಹ?

ಪಿಕಪ್ ಇಲ್ಲದ ವಾದ್ಯಕ್ಕೆ ಕಂಚಿನ ಸುತ್ತು ಒಳ್ಳೆಯದು. ಅಂಗಡಿಯಲ್ಲಿ "80/20 ಕಂಚು" ಎಂದು ಮಾರುವುದು ನಿಜಕ್ಕೂ ಕಂಚಲ್ಲ. 80 ಭಾಗ ತಾಮ್ರ, 20 ಭಾಗ ಸತು ಸೇರಿದ ಹಿತ್ತಾಳೆ. ಹೊಸದರಲ್ಲಿ ಅದರ ದನಿ ಹೊಳಪಿನದು, ಬೇಗ ಮಂಕಾಗುತ್ತದೆ. ತಾಮ್ರ, ತವರದೊಂದಿಗೆ ತುಸು ರಂಜಕ ಬೆರೆತ ಫಾಸ್ಫರ್ ಕಂಚು ಹೆಚ್ಚು ಕಾಲ ಬಾಳುತ್ತದೆ, ದನಿಯೂ ಬೆಚ್ಚಗೆ.

ಆದರೆ ಕಾಂತೀಯ ಪಿಕಪ್ ಇದ್ದರೆ ಕಂಚು ಕೂಡದು. ಪಿಕಪ್‌ನ ಕಾಂತಕ್ಷೇತ್ರದಲ್ಲಿ ಕಬ್ಬಿಣ, ನಿಕ್ಕಲ್‌ಗಳಂತಹ ಕಾಂತೀಯ ಲೋಹ ಅಲುಗಾಡಿದಾಗ ಮಾತ್ರ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ತಾಮ್ರದ ಮಿಶ್ರಲೋಹ ಅದಕ್ಕೆ ಕಾಣುವುದೇ ಇಲ್ಲ. ಸುತ್ತಿನ ಒಳಗಿನ ಉಕ್ಕಿನ ತಿರುಳು ಮಾತ್ರ ಕಾಣುವುದರಿಂದ ನಾಲ್ಕು ಸುತ್ತಿನ ತಂತಿಗಳು ಮೆಲ್ಲಗೆ, ಎರಡು ಬರಿಯ ತಂತಿಗಳು ಜೋರಾಗಿ ಕೇಳುತ್ತವೆ. ಇಂತಹ ವಾದ್ಯಕ್ಕೆ ನಿಕ್ಕಲ್, ನಿಕ್ಕಲ್ ಲೇಪಿತ ಉಕ್ಕು ಅಥವಾ ಕಾಂತೀಯ ಸ್ಟೇನ್‌ಲೆಸ್ ಉಕ್ಕಿನ ಸುತ್ತು ಬೇಕು. ಮರದ ದನಿಯನ್ನೂ ಪಿಕಪ್ ದನಿಯನ್ನೂ ಎರಡನ್ನೂ ಬಯಸುವವರಿಗೆ ಶುದ್ಧ ನಿಕ್ಕಲ್ ಸುತ್ತು ಮಧ್ಯಮ ಮಾರ್ಗ.

ಸುತ್ತಿನ ಆಕಾರವೂ ಮುಖ್ಯ. ದುಂಡು ಎಳೆ ಸುತ್ತಿದ್ದರಲ್ಲಿ ಮೇಲ್ಸ್ವರಗಳು ಹೆಚ್ಚು, ಬೆರಳು ಜಾರಿಸಿದಾಗ ಕೀಚಲು ಸದ್ದೂ ಹೆಚ್ಚು. ಚಪ್ಪಟೆ ಪಟ್ಟಿ ಸುತ್ತಿದ್ದು ನುಣುಪು. ಅದರ ದನಿ ಮಂದ, ದುಂಡಗೆ. ಜಾಜ್ ವಾದಕರ ನಯವಾದ ದನಿಯ ಗುಟ್ಟು ಅದು. ಕಡಿಮೆ ಹಣದ ಗಿಟಾರ್‌ಗೆ ದುಬಾರಿ ಚಪ್ಪಟೆ ತಂತಿ ಏಕೆಂದು ಹಿಂಜರಿಯಬೇಕಿಲ್ಲ. ಅದು ತಿಂಗಳುಗಟ್ಟಲೆ ಬಾಳುತ್ತದೆ.

ನಮ್ಮ ಹವೆಯ ಬಗ್ಗೆಯೂ ಒಂದು ಮಾತು. ಕೆತ್ತಿದ ಒಂಟಿ ಹಲಗೆ ಗಾಳಿಯ ತೇವ ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಉಬ್ಬು ಏರಿ ತಂತಿಗಳು ಮೇಲೇಳುತ್ತವೆ, ಕಲಬುರಗಿಯ ಬೇಸಿಗೆಯಲ್ಲಿ ಉಬ್ಬು ಇಳಿದು ತಂತಿ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ. ಹೆಚ್ಚಿನ ಅಪಾಯ ಒಣಹವೆಯದೇ, ಬಿರುಕು ಬಿಡುವುದು ಆಗ. ಸಾಪೇಕ್ಷ ಆರ್ದ್ರತೆ ಶೇಕಡಾ 45ರಿಂದ 55ರ ನಡುವೆ ಇದ್ದರೆ ಉತ್ತಮ. ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಬೇಸಿಗೆಯಲ್ಲಿ ರಂಧ್ರವಿರುವ ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನೂ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣವನ್ನೂ ಜೊತೆಗಿಡಬಹುದು. ಕರಾವಳಿಯವರು ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿಡಬೇಕು.

ತಂತಿ ಬದಲಿಸುವಾಗ ಆರನ್ನೂ ಒಟ್ಟಿಗೆ ಬಿಚ್ಚಬೇಡಿ. ಕುದುರೆಗೆ ಅಂಟಿಲ್ಲವಾದ್ದರಿಂದ ಅದು ಜಾಗ ಬಿಡುತ್ತದೆ. ಒಂದನ್ನು ಬಿಚ್ಚಿ, ಹೊಸದು ಕಟ್ಟಿ, ಬಿರಡೆ ತಿರುಗಿಸಿ ಬಿಗಿದ ಮೇಲೆ ಇನ್ನೊಂದಕ್ಕೆ ಹೋಗಿ. ಒಂದು ವೇಳೆ ಕುದುರೆ ಸರಿದೇ ಹೋದರೆ ನಟ್‌ನಿಂದ 12ನೇ ಫ್ರೆಟ್‌ಗೆ ಇರುವ ದೂರವನ್ನು ಅಳೆದು, ಅಷ್ಟೇ ದೂರಕ್ಕೆ, ಅಲ್ಲಿಂದ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಕುದುರೆಯನ್ನಿಡಿ. ಬಳಿಕ 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿದ ಸ್ವರವನ್ನೂ ಅಲ್ಲೇ ಒತ್ತಿ ಮೀಟಿದ ಸ್ವರವನ್ನೂ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಟೇಲ್‌ಪೀಸ್ ಕಡೆಗೆ, ಇಳಿದಿದ್ದರೆ ಕತ್ತಿನ ಕಡೆಗೆ ಕೂದಲೆಳೆಯಷ್ಟು ಸರಿಸಿ. ಮೊದಲ ಮತ್ತು ಆರನೇ ತಂತಿಗಳೆರಡೂ ಹೊಂದಿದ ಮೇಲೆ ಪಾದದ ಎರಡೂ ತುದಿಯಲ್ಲಿ ಅಂಟು ಉಳಿಸದ ಕಾಗದದ ಪಟ್ಟಿ ಹಚ್ಚಿ ಗುರುತು ಮಾಡಿಟ್ಟುಕೊಂಡರೆ ಮುಂದಿನ ಸಲ ಈ ಕೆಲಸ ಐದು ನಿಮಿಷದ್ದು.